ವೈನಿಯ ತಾರೀಖು, ಅಪ್ಪನ ಕೆಂಪು ಬಾಳೆ

ನಮ್ಮ ವೈನಿಯ ಮುಂದೆ "ನಾಳೆ" ಎನ್ನುವ ಧೈರ್ಯ ಕಲಬುರಗಿಯಲ್ಲಿ ಯಾರಿಗೂ ಇಲ್ಲ! ಅಣ್ಣನ ಹೆಂಡತಿ ಎಂದು ನಾನು ತಡೆದುಕೊಂಡಿದ್ದೇನೆ, ದರ್ಜಿ ಏಕೆ ತಡೆದುಕೊಳ್ಳಬೇಕು?

"ಕುಪ್ಪಸ ನಾಳಿಗಿ ಕೊಡ್ತೀನ್ರಿ ಅಕ್ಕಾರ" ಎಂದ ಆತ.

"ಯಾವ ದೇಶದ ನಾಳಿಗಿ?"

ಊರಿಗೆಲ್ಲ ಒಂದೇ ನಾಳೆ ಹೇಳಿ ಬದುಕಿದ ಮನುಷ್ಯ ಪಾಪ, ನನ್ನ ಮುಖ ನೋಡಿದ.

ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಲ್ಲೇ ಕೂತು ವೆಬ್‌ಸೈಟ್ ಕಟ್ಟುವುದು ವೈನಿಯ ಕಸುಬು. ಕಂಪ್ಯೂಟರ್ ಹೊತ್ತನ್ನು ಒಂದು ಉದ್ದನೆಯ ಅಂಕಿಯಾಗಿ ಇಟ್ಟುಕೊಳ್ಳುತ್ತದಂತೆ. ಅದನ್ನು ಆಯಾ ದೇಶದ ವೇಳೆಗೆ ತಕ್ಕಂತೆ ಮನುಷ್ಯರು ಓದುವ ತಾರೀಖು ಮಾಡುವುದು ಇವರ ಪಾಲಿನ ಕೆಲಸ. ಮದುವೆಯ ದಿನದ ನೆನಪಿಗೆ ಅಣ್ಣನಿಗೆ ಕೊಟ್ಟ ಕಾರ್ಡಿನ ಮೇಲೂ ಅಂಥದೇ ಅಂಕಿ ಬರೆದಿದ್ದರು. ಅಣ್ಣ ಅದು ಯಾರದೋ ನಂಬರೆಂದು ತಿಳಿದು ಫೋನ್ ಹಚ್ಚಿ, "ಹತ್ತವಲ್ದು" ಎಂದು ಗೊಣಗಿದ್ದ.

ಕಮಲಾಪುರದಲ್ಲಿ ಅಪ್ಪನ ಕೆಂಪು ಬಾಳೆಯ ತೋಟವಿದೆ. ಅಲ್ಲಿಯ ಬೆಳೆಗಾರರಿಗೆಂದು ವೈನಿ ಒಂದು ವೆಬ್‌ಸೈಟ್ ಮಾಡಿಕೊಟ್ಟರು. ಗೊನೆ ಕೊಯ್ದ ಕೂಡಲೇ ಮೊಬೈಲ್ ಒತ್ತಿದರೆ ಕೊಯ್ದ ತಾರೀಖು ಕಲಬುರಗಿಯ ವ್ಯಾಪಾರಿಗೆ ಕಾಣಬೇಕು. ಮೊದಲ ದಿನವೇ ಎಡವಟ್ಟಾಯಿತು. ಬಿಸಿಲೇರುವ ಮುಂಚೆ ಕೊಯ್ಯುವುದು ನಮ್ಮವರ ರೂಢಿ. ಅಪ್ಪ ನಸುಕಿನಲ್ಲಿ ಕೊಯ್ದು ಕಲಬುರಗಿ ಮಾರುಕಟ್ಟೆಗೆ ತಂದ ಗೊನೆಗೆ ಸೈಟು ಹಿಂದಿನ ದಿನದ ತಾರೀಖು ತೋರಿಸಿತು.

"ನಿನ್ನಿ ಮಾಲ್ ತಂದು ಇವತ್ತಿಂದು ಅಂತ ಹೇಳ್ಲಾಕತ್ತೀರೇನ್ರಿ ಯಜಮಾನ್ರ?" ಎಂದುಬಿಟ್ಟ ವ್ಯಾಪಾರಿ, ನಾಲ್ಕು ಜನರ ಎದುರಿಗೆ.

ಸುಳ್ಳೇ ಬಾರದ ಅಪ್ಪ ಗೊನೆಗಳನ್ನು ಅಲ್ಲಿಯೇ ಬಿಟ್ಟು, ನಮ್ಮ ಮನೆಗೆ ಬಂದು, ಆದದ್ದನ್ನು ಹೇಳಿ, ಚಹಾ ಕೂಡ ಬೇಡವೆಂದರು. ಮಾನ ಹೋದವರ ಮುಖ ಹೇಗಿರುತ್ತದೆಂದು ಅಂದು ನೋಡಿದೆ.

ವೈನಿ ಕಂಪ್ಯೂಟರ್ ತೆರೆದು ಹಣೆ ಬಡಿದುಕೊಂಡರು. ಅಂಕಿಯನ್ನು ತಾರೀಖು ಮಾಡುವಾಗ ನಮ್ಮ ದೇಶದ ವೇಳೆ ಹಿಡಿಯಲು ಯಂತ್ರಕ್ಕೆ ಹೇಳುವುದನ್ನೇ ಮರೆತಿದ್ದರು! ಅದು ತಾನಾಗಿ ಹಿಡಿದಿದ್ದ ಜಾಗತಿಕ ವೇಳೆ ನಮಗಿಂತ ಐದೂವರೆ ತಾಸು ಹಿಂದಿತ್ತು. ಕಮಲಾಪುರದಲ್ಲಿ ನಸುಕಾದರೂ ಅದಕ್ಕಿನ್ನೂ ನಿನ್ನೆಯೇ. ದರ್ಜಿಯನ್ನು ಗೋಳುಹೊಯ್ದುಕೊಂಡವರ ಹಣೆಬರಹ ನೋಡಿ!

ಒಂದು ಸಾಲು ತಿದ್ದಿ, ಅಪ್ಪನನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಮಾರುಕಟ್ಟೆಗೆ ಹೊರಟರು. ಬೈಕಿನಲ್ಲಿ ನಾನೂ ಬೆನ್ನು ಹತ್ತಿದೆ. ವೈನಿ ಅದೇ ಜನರ ಎದುರಿಗೆ ವ್ಯಾಪಾರಿಯತ್ತ ಮೊಬೈಲ್ ಚಾಚಿ, "ಜೋರಾಗಿ ಓದ್ರಿ" ಎಂದರು.

ವ್ಯಾಪಾರಿ ಓದಿದ: "ಇವತ್ತು ನಸುಕಿನ ಐದು ಗಂಟೆ, ಕಮಲಾಪುರ."

ಅಪ್ಪ ವೈನಿಯ ಕಡೆ ತಿರುಗಿದರು. "ನನ್ನ ಮಾತು ಖರೇ ಮಾಡಿದಿ ನೋಡವ್ವ."

"ನಿಮ್ಮ ಮಾತು ಮೊದಲೇ ಖರೇ ಇತ್ರಿ ಮಾವಾರ. ಸುಳ್ಳು ಹೇಳಿದ್ದು ನನ್ನ ಲೆಕ್ಕ."

ಅಷ್ಟು ಜನಕ್ಕೆ ಕೇಳಿಸುವ ಹಾಗೆ ಹೇಳಿದರು. ಈಕೆ ನಮ್ಮ ಮನೆಯವರು ಎಂದು ನನ್ನ ಎದೆ ಉಬ್ಬಿತು. ಅಪ್ಪ ಸೊಸೆಯ ತಲೆಯ ಮೇಲೆ ಕೈ ಇಟ್ಟರು.