ಹಲಗೆಯ ಮೇಲಿನ ಕಲ್ಯಾಣ ಮಂಟಪ

ಕಟ್ಟಡ ಕಟ್ಟುವವನಿಗಿಂತ ಅದರ ಸಣ್ಣ ಮಾದರಿ ಮಾಡುವವನಿಗೆ ಬುದ್ಧಿ ಹೇಳುವ ಮಂದಿ ಜಾಸ್ತಿ. ನನ್ನ ಪಾಲಿಗಂತೂ ಇದು ತಪ್ಪಿದ್ದಲ್ಲ. ಹಾನಗಲ್ಲಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು ನಾನು. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸವಿಲ್ಲದಂತಾದಾಗ ಹಿರೇಕೆರೂರಿನ ಎಂಜಿನಿಯರೊಬ್ಬರು ಕರೆಸಿದರು.

"ಅಕ್ಕಿಆಲೂರಾಗ ಕಲ್ಯಾಣ ಮಂಟಪ ಕಟ್ಟೋರದಾರ. ಮಾಡೆಲ್ ಮಾಡಿಕೊಡು. ಹಿರ್ಯಾರು ಒಪ್ಪಿದ್ರ ನನ್ನ ಎಲ್ಲಾ ಮಾಡೆಲ್ ನಿನಗ. ಇಲ್ಲಂದ್ರ ಹುಬ್ಬಳ್ಳಿಯವ್ರಿಗೆ."

ಹುಬ್ಬಳ್ಳಿಯವರಿಗೆ ಬಿಟ್ಟುಕೊಡುವ ಮಾತೇ ಇಲ್ಲ ಎಂದು ಹಟ ಹಿಡಿದು ಕೂತೆ.

ಹುಲ್ಲು

ಮಂಟಪದ ಮುಂದೆ ಹುಲ್ಲುಹಾಸು ಬೇಕಿತ್ತು. ಉಪ್ಪಿಟ್ಟಿನ ರವೆಗೆ ಮಿಠಾಯಿಗೆ ಹಾಕುವ ಹಸಿರು ಬಣ್ಣ ಕಲಸಿ, ಒಣಗಿಸಿ, ಡಬ್ಬಿಗೆ ತುಂಬಿ ಅಡುಗೆಮನೆಯಲ್ಲಿಟ್ಟೆ. ಮರುದಿನ ಸವಣೂರಿನಿಂದ ಸೋದರಮಾವ ಬಂದ. ಕಣ್ಣು ಮಂಜಾದ ನಮ್ಮವ್ವ ಅದೇ ಡಬ್ಬಿ ತೆಗೆದಳು. ನಾನು ಬರುವಷ್ಟರಲ್ಲಿ ಮಾವನ ತಾಟು ಖಾಲಿ.

"ಪಾಲಕ್ ಉಪ್ಪಿಟ್ಟು ಭಾಳ ಛಲೋ ಆಗೇತಿ ನೋಡಕ್ಕ. ಇನ್ನೊಂಚೂರು ಹಾಕು."

ಉಳಿದ ಹುಲ್ಲನ್ನೂ ಅವ್ವ ಅವನಿಗೇ ಬಡಿಸಿದಳು.

ಬಣ್ಣ

ಗೋಡೆಗೆ ಯಾವ ಬಣ್ಣವೆಂದು ಕೇಳಲು ಮಂಟಪ ಕಟ್ಟಿಸುವ ಸಮಿತಿಯ ಹಿರಿಯರಾದ ಗೌಡರಿಗೆ ಫೋನ್ ಮಾಡಿದೆ. ಅವರು ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿದ್ದರು. ಹಾರ್ನಿನ ಗದ್ದಲದಲ್ಲಿ 'ಬದ' ಎಂದಷ್ಟೇ ಕೇಳಿಸಿತು.

"ಬದನಿಕಾಯೇನ್ರಿ?"

"ಹೂಂ, ಹೂಂ, ಅದ!"

ಚೆನ್ನಾಗಿ ಬಳಿದು ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ನಾ ಹೇಳಿದ್ದು ಬದಾಮಿ ಬಣ್ಣಪಾ! ನಾವು ಲಗ್ನಾ ಮಾಡೋರೋ, ಎಣಗಾಯಿ ಮಾಡೋರೋ?"

ಇಡೀ ದಿನ ಉಜ್ಜಿ ಉಜ್ಜಿ ಮತ್ತೆ ಬದಾಮಿ ಬಳಿದೆ. ಕಿಟಕಿಯ ಸಂದಿಯಲ್ಲಿ ಮಾತ್ರ ಎಣಗಾಯಿ ಉಳಿಯಿತು.

ಊಟ

ವೇದಿಕೆಗೆಂದು ಬೆಂಕಿಕಡ್ಡಿ ಕೆತ್ತಿ ಮದುಮಕ್ಕಳನ್ನು ಮಾಡಿದ್ದೆ. ಮದುಮಗನಿಗೆ ಕೆಂಪು ರುಮಾಲು. ಮುರಿಯದಿರಲೆಂದು ಇಬ್ಬರನ್ನೂ ಕಡ್ಡಿಪೆಟ್ಟಿಗೆಯಲ್ಲಿ ಮಲಗಿಸಿದ್ದೆ.

ಅಕ್ಕಿಆಲೂರಿನಲ್ಲಿ ಹಿರಿಯರ ಮುಂದೆ ಮಾದರಿ ಇಟ್ಟು, ಚಾವಣಿ ಎತ್ತಿ, ಜೇಬಿಗೆ ಕೈ ಹಾಕಿದರೆ ಪೆಟ್ಟಿಗೆ ಇಲ್ಲ! ಮನೆಯಲ್ಲೇ ಮರೆತಿದ್ದೆ. ಖಾಲಿ ವೇದಿಕೆ ನೋಡಿ ಎಂಜಿನಿಯರ್ ಹಲ್ಲು ಕಡಿದರು. ನನಗೆ ಹುಬ್ಬಳ್ಳಿ ಕಣ್ಣ ಮುಂದೆ ಬಂತು.

ಗೌಡರು ಬಗ್ಗಿ ನೋಡಿದ್ದು ಮಾತ್ರ ಊಟದ ಮನೆಯನ್ನು. ಅಲ್ಲಿ ಕಾಗದದ ಬಾಳೆ ಎಲೆ ಅಂಟಿಸಿ, ಅನ್ನ, ಹೋಳಿಗೆ ಬರೆದಿದ್ದೆ.

"ಎಲಿ ತುದಿ ಬಲಕ್ಕ ಬಂದೈತಲ್ಲೋ! ಎಡಕ್ಕ ಬರಬೇಕು. ಹಿಂಗ ಹಾಕಿದ್ರ ಬೀಗರು ಎದ್ದು ಹೋಗ್ತಾರ!"

ಪಕ್ಕದ ಹಿರಿಯರು ಕನ್ನಡಕ ಏರಿಸಿದರು. "ಹೋಳಿಗಿ ಮ್ಯಾಲ ತುಪ್ಪ ಎಲ್ಲೈತಿ?"

ಎಂಜಿನಿಯರ್ ಕುಗ್ಗಿಹೋದರು. ನಾನು ಕುಗ್ಗಲಿಲ್ಲ.

"ಕುಂದರ್ರಿ, ಈಗ ಮಾಡ್ತೇನಿ."

ಒಂದೊಂದೇ ಎಲೆ ಕಿತ್ತು, ತಿರುಗಿಸಿ ಅಂಟಿಸಿದೆ. ಕೂದಲೆಳೆಯ ಕುಂಚದಿಂದ ಪ್ರತಿ ಹೋಳಿಗೆಗೂ ತುಪ್ಪ ಬಿಟ್ಟೆ. ಗೌಡರು ಮತ್ತೆ ಬಗ್ಗಿ ನೋಡಿ ಎದ್ದು ನಿಂತರು.

"ಊಟ ಬರೋಬ್ಬರಿ ಆತು. ಕಟ್ಟಡಾ ಪಾಸ್!"

ವೇದಿಕೆಯತ್ತ ಯಾರೂ ತಿರುಗಿಯೂ ನೋಡಲಿಲ್ಲ. "ಇನ್ನ ಎಲ್ಲಾ ಮಾಡೆಲ್ ನಿಂದ" ಎಂದು ಎಂಜಿನಿಯರ್ ಬೆನ್ನು ತಟ್ಟಿದರು. ಖುಷಿಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವ್ವನ ಫೋನ್.

"ತಮ್ಮಾ, ದೀಪಾ ಹಚ್ಚೂನಂತ ಆವಾಗಿಂದ ಕಡ್ಡಿ ಗೀರಾಕತ್ತೇನಿ, ಹತ್ತವಲ್ತು. ಕಣ್ಣಿನ ಹತ್ರ ಹಿಡದು ನೋಡ್ತೇನಿ, ರುಮಾಲು ಸುತ್ಕೊಂಡ ಮದುಮಗ!"