ಅತ್ತೆಯ ಕ್ರಿಸ್ಮಸ್ ಬಸ್ಸು ಹತ್ತಿದ್ದು

ಕ್ರಿಸ್ಮಸ್ ಡಿಸೆಂಬರ್ ಇಪ್ಪತ್ತೈದಕ್ಕೆ ಬರುತ್ತದೆ ಎಂದು ನೀವು ನಂಬಿದ್ದರೆ ಒಮ್ಮೆ ಹಾಸನಕ್ಕೆ ಬಂದು ನಮ್ಮ ಅತ್ತೆಯನ್ನು ಕಾಣಬೇಕು. ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಅವರ ಮನೆಯಲ್ಲಿ ಕ್ರಿಸ್ಮಸ್ ಒಂದು ವಾರ ಮುಂಚೆ ಬಂದದ್ದುಂಟು, ಹೊಸ ವರ್ಷ ಕಳೆದ ಮೇಲೆ ಬಂದದ್ದುಂಟು, ಒಂದು ಸಲವಂತೂ ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಜೊತೆಗೇ ಬಂದಿತ್ತು. ಹಾಗೆಂದು ಅತ್ತೆಗೆ ಭಕ್ತಿ ಕಡಿಮೆ ಎಂದು ತಿಳಿಯಬೇಡಿ. ಇಪ್ಪತ್ತೈದರ ಬೆಳಗಿನ ಪೂಜೆಗೆ ಚರ್ಚಿನ ಮುಂದಿನ ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ಕೂತಿರುವವರು ಅವರೇ.

"ಅದು ದೇವ್ರ ಅಬ್ಬ. ಅದ್ರ ತಾರೀಕು ದೇವ್ರಿಗೆ ಬುಟ್ಟಿದ್ದು. ಮನೆ ಅಬ್ಬ ಮಕ್ಕಳು ಮನೇಗ್ ಬಂದ್ ದಿನ" ಎನ್ನುವುದು ಅವರ ಶಾಸ್ತ್ರ.

ಮಕ್ಕಳು ಮೂವರು. ಮೂವರೂ ದೊಡ್ಡವರಾಗಿ, ತಲೆಯಲ್ಲಿ ಒಂದೊಂದು ಬಿಳಿಕೂದಲನ್ನೂ ಸಂಪಾದಿಸಿಕೊಂಡಿದ್ದಾರೆ. ಹಿರಿಯವಳು ನನ್ನ ಹೆಂಡತಿ, ಹಾಸನದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸು. ದೊಡ್ಡ ಭಾಮೈದ ಬೆಂಗಳೂರು-ಹಾಸನದ ಸರಕಾರಿ ಬಸ್ಸಿನ ಡ್ರೈವರು. ಚಿಕ್ಕವನು ಗೊರೂರಿನ ಅಣೆಕಟ್ಟೆಯಲ್ಲಿ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಬ್ಬ ಬಂತೆಂದು ಹೆರಿಗೆ ನಿಲ್ಲುವುದುಂಟೆ? ಬಸ್ಸು ನಿಲ್ಲುವುದುಂಟೆ? ನೀರು ನಿಲ್ಲುವುದುಂಟೆ? (ನೀರೇನೋ ನಿಲ್ಲುತ್ತದೆ, ಅಣೆಕಟ್ಟೆ ಇರುವುದೇ ಅದಕ್ಕೆ. ಆದರೆ ನಿಲ್ಲಿಸಲು ನನ್ನ ಚಿಕ್ಕ ಭಾಮೈದ ಅಲ್ಲಿರಬೇಕು.) ಇಡೀ ಕುಟುಂಬದಲ್ಲಿ ಕ್ರಿಸ್ಮಸ್ಸಿಗೆ ತಪ್ಪದೆ ರಜೆ ಸಿಗುವುದು ಒಬ್ಬನಿಗೆ ಮಾತ್ರ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತ ಬೆಳೆದ ಹೈಸ್ಕೂಲು ಮೇಷ್ಟರಾದ ನನಗೆ.

ಡಿಸೆಂಬರ್ ಶುರುವಾದ ಕೂಡಲೇ ಅತ್ತೆ ಬಾಗಿಲ ಮುಂದೆ ಕಾಗದದ ನಕ್ಷತ್ರ ಕಟ್ಟಿಸುತ್ತಾರೆ. ಒಳಗೆ ಬಲ್ಬೂ ಇರುತ್ತದೆ. ಆದರೆ ಮೂವರೂ ಮಕ್ಕಳು ಮನೆಯೊಳಗೆ ಕಾಲಿಡುವ ತನಕ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಒಂದು ಇಪ್ಪತ್ತೈದರ ಸಂಜೆ ಎದುರುಮನೆಯಾಕೆ ಪಾಪ, ಕಾಳಜಿಯಿಂದಲೇ ಕೇಳಿದರು.

"ಯಾಕಮ್ಮ, ನಿಮ್ಮ ನಕ್ಷತ್ರ ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕಣವ್ವ, ಡ್ಯೂಟಿಗ್ ಓಗೈತೆ."

ಅದು ಡ್ಯೂಟಿ ಮುಗಿಸಿ ಬೆಳಗಿದ್ದು ಸಂಕ್ರಾಂತಿಯ ಸಂಜೆ. ಎಳ್ಳು ಬೀರಲು ಬಂದ ಎದುರುಮನೆಯ ಹುಡುಗಿಯರ ತಟ್ಟೆಗೆ ಅತ್ತೆ ಕೇಕಿನ ಚೂರು ಹಾಕಿ ಕಳಿಸಿದರು. ಅತ್ತೆ ಸಂಕ್ರಾಂತಿ ಮಾಡಲು ಶುರುಮಾಡಿದರು ಎಂದು ಬೀದಿಯ ಒಂದು ತುದಿಯಲ್ಲಿ ಸಂತೋಷ. ಎದುರುಮನೆಯವರು ಕ್ರಿಸ್ಮಸ್ ಮಾಡಲು ಶುರುಮಾಡಿದರು ಎಂದು ಇನ್ನೊಂದು ತುದಿಯಲ್ಲಿ ಗುಮಾನಿ.

ಹೀಗೆ ಹಿಂದೆ ಮುಂದೆ ಸರಿದುಕೊಂಡು ಹೇಗೋ ನಡೆಯುತ್ತಿದ್ದ ಹಬ್ಬ ಎರಡು ವರ್ಷದ ಕೆಳಗೆ ಸಿಕ್ಕಿಹಾಕಿಕೊಂಡಿತು. ಹೆಂಡತಿಯ ವಾರ್ಡಿನಲ್ಲಿ ಇಬ್ಬರು ನರ್ಸುಗಳು ಒಟ್ಟಿಗೇ ರಜೆ ಹಾಕಿದ್ದರು. ವರ್ಷದ ಕೊನೆಯ ಪ್ರವಾಸಿಗರ ಗಲಾಟೆಯಲ್ಲಿ ಡ್ರೈವರುಗಳಿಗೆ ವಾರದ ರಜೆಯೂ ಹೋಗಿತ್ತು. ಕಾಲುವೆಗೆ ನೀರು ಬಿಡುತ್ತಿದ್ದುದರಿಂದ ಗೊರೂರಿನವನು ಅಲ್ಲಾಡುವಂತಿರಲಿಲ್ಲ. ಸಂಕ್ರಾಂತಿಯಿರಲಿ, ಶಿವರಾತ್ರಿಯವರೆಗೆ ನೋಡಿದರೂ ಮೂವರಿಗೂ ಒಂದೇ ದಿನ ಬಿಡುವಿರಲಿಲ್ಲ. ಅತ್ತೆ ಎರಡು ದಿನ ಕ್ಯಾಲೆಂಡರು ತಿರುವಿ ಹಾಕಿದರು. ಮೂರನೆಯ ದಿನ ಅಟ್ಟದಿಂದ ಮಾವನವರ ಕಾಲದ ದೊಡ್ಡ ಕ್ಯಾರಿಯರುಗಳನ್ನು ಇಳಿಸಿದರು.

"ಅಬ್ಬಕ್ಕೆ ಅವ್ರು ಬರಾಕಾಗ್ದಿದ್ರೆ ಅಬ್ಬಾನೇ ಓಗ್ಲಿ ಬುಡಿ. ಅಳಿಯಂದ್ರೇ, ನಿಮಗೆಂಗೂ ರಜ ಅಲ್ವಾ?"

ಇಪ್ಪತ್ತೈದರ ಬೆಳಿಗ್ಗೆ ಪೂಜೆ ಮುಗಿಸಿ ಬಂದವರೇ ನನ್ನ ಎರಡೂ ಕೈಗೆ ಕ್ಯಾರಿಯರು ಕೊಟ್ಟರು. ಕೆಳಗಿನ ಡಬ್ಬಿಗಳಲ್ಲಿ ಕೋಳಿ ಸಾರು, ಒತ್ತು ಶಾವಿಗೆ. ನನ್ನ ಪುಳಿಯೋಗರೆಗೆ ಬೇರೆಯೇ ಡಬ್ಬಿ. "ಇದೊಂದು ನಿಮ್ದು. ಮಿಕ್ಕಿದ್ದಕ್ಕೆಲ್ಲ ನೀವು ಬರೀ ಆಳು" ಎಂದರು. ಕಜ್ಜಾಯ, ಚಕ್ಕುಲಿ, ಕೇಕಿನ ಚೀಲ ಅವರ ಹೆಗಲಿಗೆ.

ಮೊದಲು ಆಸ್ಪತ್ರೆ. ಹೆಂಡತಿ ವಾರ್ಡಿನ ಬಾಗಿಲಿಗೆ ಬಂದು ಒಂದು ತುತ್ತು ತಿನ್ನುವಷ್ಟರಲ್ಲಿ ಒಳಗಿನಿಂದ ಕೂಗು ಬಂತು, ಓಡಿದಳು. ನಾವು ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಅರಕಲಗೂಡು ಕಡೆಯ ಒಬ್ಬ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಒಳಗಿದ್ದುದು ಅವರ ಮೊಮ್ಮಗಳು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಹೊರಗೆ ಬಂದು "ಹೆಣ್ಣು ಮಗು ಅಜ್ಜಿ, ಇಬ್ಬರೂ ಚೆನ್ನಾಗಿದ್ದಾರೆ" ಎಂದಳು. ಅಜ್ಜಿಗೆ ಹಂಚಲು ಕೈಯಲ್ಲಿ ಒಂದು ಚೂರು ಸಕ್ಕರೆಯೂ ಇರಲಿಲ್ಲ. ಅತ್ತೆ ಅರ್ಧ ಕೇಕನ್ನು ಎತ್ತಿ ಆಕೆಯ ಕೈಗಿಟ್ಟರು. ಮೆಟ್ಟಿಲಿಳಿಯುವಾಗ ನನ್ನ ಕಿವಿಯ ಹತ್ತಿರ ಬಂದು, ಬಹಳ ದಿನದಿಂದ ಕಾದಿದ್ದ ಸುದ್ದಿ ಹೇಳುವವರಂತೆ ಹೇಳಿದರು.

"ನೋಡುದ್ರಾ ಅಳಿಯಂದ್ರೇ, ಈ ಸಲ ಹೆಣ್ಣು."

ಆಮೇಲೆ ಗೊರೂರು. ಅಣೆಕಟ್ಟೆಯ ಗೇಟಿನಲ್ಲಿ ಕಾವಲಿನವನು ತಡೆದ. ಒಳಗೆ ಬಿಡಲು ಮೇಲಿನವರ ಅಪ್ಪಣೆ ಬೇಕಂತೆ. ನಾನು ಮೇಷ್ಟರ ಗತ್ತಿನಲ್ಲಿ ಏನೋ ಹೇಳಹೊರಟೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. ಅವರು ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಈಗ ಅಲ್ಲಿ ಇದೇ ಅಣೆಕಟ್ಟೆಯ ಹಿನ್ನೀರಿನ ನಡುವೆ ಚರ್ಚಿನ ಗೋಡೆಗಳು ನಿಂತಿವೆ, ಜನ ಫೋಟೋ ತೆಗೆಯಲು ಹೋಗುತ್ತಾರೆ.

"ನಿನ್ ಡ್ಯಾಮಿಗೆ ನಾವು ಊರ್ನೇ ಬುಟ್ಕೊಟ್ಟೋರು ಕಣಪ್ಪ. ನೀನು ಒಂದ್ ಗೇಟ್ ಬುಡಕಾಗಲ್ವಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಾವಲಿನವನು ಗೇಟು ತೆರೆದ. ಒಳಗೆ, ಮೀಸೆ ಹೊತ್ತ ಆರಡಿ ಮಗನನ್ನು ಇಂಜಿನಿಯರ ಎದುರೇ ಕೂರಿಸಿ ಅತ್ತೆ ಕೈತುತ್ತು ಹಾಕಿದರು. "ಅವ್ವಾ, ಸಾಯೇಬ್ರು ನೋಡ್ತಾವ್ರೆ" ಎಂದು ಅವನು ಗೊಣಗಿದ. "ನೋಡ್ಲಿ ಬುಡು, ಅವ್ರಿಗೂ ಐತೆ" ಎಂದು ಅತ್ತೆ ಇಂಜಿನಿಯರ ಕೈಗೂ ಎರಡು ಕಜ್ಜಾಯ ಕೊಟ್ಟರು. ವಾಪಸು ಬರುವಾಗ ಕಾವಲಿನವನಿಗೂ ಒಂದು ಪಾಲು ಸಂದಿತು.

ಹಾಸನಕ್ಕೆ ಮರಳಿ, ಬಸ್ಸು ಬದಲಾಯಿಸಿ ಚನ್ನರಾಯಪಟ್ಟಣ ತಲುಪಿದಾಗ ಮಧ್ಯಾಹ್ನ ಏರಿತ್ತು. ದೊಡ್ಡವನ ಬಸ್ಸು ಬೆಂಗಳೂರಿನಿಂದ ಬಂದು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಬಸ್ಸು ಬಂತು. ಅತ್ತೆ ಹತ್ತಿ, ಡ್ರೈವರ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಊಟ ಬಡಿಸಿದರು. ಮಗ ಒಂದು ಕಣ್ಣು ತಟ್ಟೆಯ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ತಿಂದ. ಹಿಂದಿನಿಂದ ಯಾರೋ "ಹೊರಡೋದು ಎಷ್ಟೊತ್ತಿಗೆ ಸಾ?" ಎಂದರು. ಅತ್ತೆ ಎದ್ದು ಸೀಟು ಸೀಟಿಗೂ ಚಕ್ಕುಲಿ ಹಂಚಿಕೊಂಡು ಹೋದರು. ದನಿಗಳು ಒಂದೊಂದಾಗಿ ಅಡಗಿದವು. ಚಕ್ಕುಲಿ ಕಡಿಯುತ್ತ ಮಾತಾಡುವುದು ಕಷ್ಟ. ತೆಂಗಿನಕಾಯಿ ವ್ಯಾಪಾರದವರೊಬ್ಬರು ಮಾತ್ರ ಕೇಳಿದರು.

"ಏನಮ್ಮ ಇಸೇಸ?"

"ಮನೆ ಅಬ್ಬ ಕಣಪ್ಪ."

"ಮನೆ ಎಲ್ಲೈತೆ?"

"ಸದ್ಯಕ್ಕೆ ಇದೇಯ."

ಖಾಲಿ ಕ್ಯಾರಿಯರುಗಳನ್ನು ಅತ್ತೆ ಅದೇ ಬಸ್ಸಿಗೆ ಹಾಕಿ ಹಾಸನಕ್ಕೆ ಕಳಿಸಿದರು. ನಾವೂ ಅದರಲ್ಲೇ ಹೋಗಬಹುದಿತ್ತಲ್ಲ? ಕೇಳಿದ್ದಕ್ಕೆ "ಕೈ ಖಾಲಿ ಇರ್ಲಿ" ಎಂದಷ್ಟೇ ಹೇಳಿ, ನಿಲ್ದಾಣದ ಎದುರಿನ ಅಂಗಡಿಗೆ ಹೋಗಿ ಒಂದು ತೆಂಗಿನಕಾಯಿ, ಬೆಲ್ಲ, ಚಿರೋಟಿ ರವೆ ಕೊಂಡು ಹೊಸ ಚೀಲಕ್ಕೆ ಹಾಕಿಸಿಕೊಂಡರು. ಆಮೇಲೆ ನಿಂತಿದ್ದ ಬಸ್ಸೊಂದನ್ನು ಹತ್ತಿ ಕೂತರು. ನಾನೂ ಹತ್ತಿದೆ. ಬಸ್ಸು ಊರು ದಾಟಿದ ಮೇಲೆ ಟಿಕೇಟು ನೋಡಿದರೆ ಹೊಳೆನರಸೀಪುರ.

ಹೊಳೆನರಸೀಪುರದಲ್ಲಿ ನನ್ನ ತಾಯಿ ಇದ್ದರು. ನಮ್ಮದು ರಿಜಿಸ್ಟರ್ ಮದುವೆ, ಅಮ್ಮ ಬಂದಿರಲಿಲ್ಲ. ಫೋನಿನಲ್ಲಿ ಮಾತಿತ್ತು. "ಬಾರೋ, ಬೇಡ ಅನ್ನೋಲ್ಲ. ಆದರೆ..." ಎಂದು ಒಮ್ಮೆ ಹೇಳಿ ಅಲ್ಲಿಗೇ ನಿಲ್ಲಿಸಿದ್ದರು. ಆ 'ಆದರೆ'ಯನ್ನು ದಾಟಲು ನನಗೂ ಆಗಿರಲಿಲ್ಲ, ಅವರಿಗೂ ಆಗಿರಲಿಲ್ಲ. ಬೀಗಿತ್ತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ದೇವಸ್ಥಾನದ ಬೀದಿಯಲ್ಲಿ ಅತ್ತೆ ಚಪ್ಪಲಿಯನ್ನು ರಸ್ತೆಯ ಪಕ್ಕದಲ್ಲೇ ಬಿಟ್ಟು, ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತರು. ಬಾಗಿಲು ತೆಗೆದ ಅಮ್ಮ ಮೊದಲು ನನ್ನನ್ನು ನೋಡಿದರು, ಆಮೇಲೆ ಅವರನ್ನು.

"ನಾನ್ ಮಾಡಿದ್ದ ನೀವು ತಿನ್ನಲ್ಲ ಅಂತ ಗೊತ್ತು ಕಣಮ್ಮ" ಎಂದರು ಅತ್ತೆ, ಚೀಲ ಮುಂದಕ್ಕೆ ಹಿಡಿದು. "ಅದ್ಕೆ ಮಾಡ್ದೇ ಇರೋದ ತಂದಿವ್ನಿ. ನೀವು ಮಾಡಿ. ನಾನು ತಿಂತೀನಿ."

ಅಮ್ಮನ ಕೈ ಬಾಗಿಲ ಚೌಕಟ್ಟಿನ ಮೇಲೇ ಇತ್ತು. ನನ್ನನ್ನು ಕೇಳಿದರು. "ಇವತ್ತು ಸ್ಕೂಲಿಲ್ಲವೇನೋ?"

ಉತ್ತರ ಅತ್ತೆಯೇ ಕೊಟ್ಟರು. "ನನ್ ಮಕ್ಕಳು ಮೂರ್ ಜನಕ್ಕೂ ಇವತ್ತು ರಜ ಇಲ್ಲ. ನಿಮ್ ಮಗನಿಗೆ ಐತೆ. ಅಬ್ಬದ್ ದಿನ ರಜ ಇರೋ ಮಗ ಅವ್ವನ ತಾವ ಇರ್ಬೇಕು ಅಂತ ಕರ್ಕಂಬಂದೆ."

ಅಮ್ಮ ಚೀಲ ತೆಗೆದುಕೊಂಡರು. "ಒಳಗೆ ಬನ್ನಿ, ಬಿಸಿಲಲ್ಲಿ ಯಾಕೆ ನಿಂತಿದೀರಿ" ಎಂದರು. ಬಿಸಿಲು ಇಳಿದು ಬಹಳ ಹೊತ್ತಾಗಿತ್ತು.

ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತರು. ಒಳಗೆ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಎದ್ದಿತು. ನಡುವೆ ಅಮ್ಮ ಸೌಟು ಹಿಡಿದೇ ಬಂದು, "ಬೆಲ್ಲ ಒಂಚೂರು ಮುಂದಿರಲಾ?" ಎಂದು ಅತ್ತೆಯನ್ನು ಕೇಳಿದರು. ಬಿಸಿ ಸಜ್ಜಿಗೆಯನ್ನು ಮೂವರೂ ಒಟ್ಟಿಗೆ ಕೂತು ತಿಂದೆವು. ಅತ್ತೆ ಎರಡನೆಯ ಸಲ ಹಾಕಿಸಿಕೊಂಡಾಗ ಅಮ್ಮ ತಲೆ ತಗ್ಗಿಸಿಕೊಂಡು ನಕ್ಕರು.

ಹೊರಡುವಾಗ ಅಮ್ಮ ಒಂದು ಸ್ಟೀಲು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು, ಇನ್ನೂ ಬೆಚ್ಚಗಿತ್ತು. ಯಾರಿಗೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಹಿಂದಿನಿಂದ ಕರೆದು, ಬೀದಿಯವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

"ಅವಳಿಗೆ ರಜ ಯಾವತ್ತೋ?"