ಲಾರಿಯಲ್ಲಿ ಬಂದ ಮನೆಗೆ ನಾನು ಹಾಕಿಸಿದ ಪಾಯ

ಎಡ ಯಾವುದು, ಬಲ ಯಾವುದು ಎಂಬ ವಿಷಯದಲ್ಲಿ ಇಡೀ ಇಂದಿರಾನಗರದಲ್ಲಿ ನನಗಿಂತ ತಿಳಿದವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಲು ಕಾರಣವೂ ಇತ್ತು. ಅಲ್ಲಿನ ಒಂದು ಮಾಲ್‌ನಲ್ಲಿ ನಾನು ಪಾರ್ಕಿಂಗ್ ಸೂಪರ್‌ವೈಸರ್. ಬಾಯಲ್ಲಿ ಸೀಟಿ, ಕೈಯಲ್ಲಿ ಕೆಂಪು ಕೋಲು. ಎಂತೆಂಥ ದೊಡ್ಡ ಮನುಷ್ಯರು ನನ್ನ ಕೈಸನ್ನೆ ನೋಡಿಕೊಂಡು ಸ್ಟೇರಿಂಗ್ ತಿರುಗಿಸುತ್ತಾರೆ!

ಒಂದು ದಿನ ಆ ಮಾಲ್‌ಗೆ ಕಾರಿನ ಬದಲು ಒಂದು ಮನೆ ಬಂತು. ಉದ್ದನೆಯ ಲಾರಿಯ ಮೇಲೆ ಬಾಗಿಲು, ಕಿಟಕಿ, ಕಿಟಕಿಗೆ ಪರದೆ, ಒಳಗೆ ಹೂದಾನಿ. ಹೊಸಕೋಟೆಯ ಆಚೆ ಇರುವ ಒಂದು ಫ್ಯಾಕ್ಟರಿಯವರು ಮನೆಗಳನ್ನು ಬಿಸ್ಕತ್ತಿನಂತೆ ಒಳಗೇ ತಯಾರಿಸಿ, ಲಾರಿಯಲ್ಲಿ ತಂದು ಸೈಟಿನ ಮೇಲೆ ಇಟ್ಟು ಹೋಗುತ್ತಾರಂತೆ. ಪ್ರದರ್ಶನಕ್ಕೆಂದು ತಂದಿದ್ದ ಆ ಮನೆಯನ್ನು ಎರಡು ಕಂಬಗಳ ನಡುವೆ ಗೀರೂ ಬೀಳದಂತೆ ನಿಲ್ಲಿಸಿದವನು ನಾನು. ಅವತ್ತೇ ನಿರ್ಧಾರವಾಯಿತು. ಇಂಥ ಮನೆಯನ್ನು ಪಾರ್ಕ್ ಮಾಡಿಸಬಲ್ಲವನು ಕೊಳ್ಳಬಾರದೇಕೆ?

ನಮಗೆ ಕೆ.ಆರ್.ಪುರದ ಆಚೆ ಒಂದು ಪುಟ್ಟ ಸೈಟು ಇತ್ತು. ಯಾದಗಿರಿ ಕಡೆಯಿಂದ ಬಂದ ದಿನದಿಂದ ನಾನು, ನನ್ನ ಹೆಂಡತಿ ಮಹಾದೇವಿ ಬೈಯಪ್ಪನಹಳ್ಳಿಯ ಒಂದೇ ಬಾಡಿಗೆ ಕೋಣೆಯಲ್ಲಿ ಅಡುಗೆ, ನಿದ್ದೆ, ಜಗಳ ಎಲ್ಲವನ್ನೂ ನಡೆಸಿಕೊಂಡು ಬಂದಿದ್ದೆವು. ಮಹಾದೇವಿಗೆ ಒಂದೇ ಆಸೆ.

"ಬಾಗಿಲಾ ರಸ್ತಾಕ ಇರಬೇಕ್ರಿ. ಅಡಗಿಮನಿ ಹಿಂದ ಇರಬೇಕು. ನಾ ರೊಟ್ಟಿ ಬಡಿಯೂ ಮುಂದ ಹೋಗೂರು ಬರೂರು ಇಣುಕಿ ನೋಡಬಾರದು."

"ಆತು ಬಿಡು. ಅದೇನ್ ದೊಡ್ಡ ಮಾತು!" ಎಂದೆ.

ಫ್ಯಾಕ್ಟರಿಯ ಎಂಜಿನಿಯರ್ ನವೀನ್ ಎಂಬ ಹುಡುಗ ಬಹಳ ಸಭ್ಯ. ನಮ್ಮಿಬ್ಬರನ್ನೂ ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಕಂಪ್ಯೂಟರಿನಲ್ಲಿ ನಮ್ಮ ಮನೆಯನ್ನು ಗಿರಗಿರ ತಿರುಗಿಸಿ ತೋರಿಸಿದ. ಮನೆ ತಿರುಗಿದಂತೆಲ್ಲ ನನ್ನ ತಲೆಯೂ ತಿರುಗಿತು. ಆದರೆ ತೋರಗೊಡಲಿಲ್ಲ.

"ಸಾರ್, ಬೆಡ್‌ರೂಮ್ ತ್ರೀ ಥೌಸಂಡ್ ಕೊಟ್ಟಿದೀನಿ, ಓಕೆನಾ?"

ಮೂರು ಸಾವಿರ ಅಡಿ! ನಾವು ಅರಮನೆ ಕೇಳಿರಲಿಲ್ಲ. ಮಹಾದೇವಿ ನನ್ನ ಕಿವಿಯಲ್ಲಿ, "ಅಷ್ಟ ದೊಡ್ಡದು ಕಸಾ ಯಾರು ಹೊಡಿಬೇಕ್ರಿ? ಸ್ವಲ್ಪ ಕಮ್ಮಿ ಮಾಡಂತ ಹೇಳ್ರಿ" ಎಂದಳು. ಅದನ್ನೇ ಗಂಭೀರವಾಗಿ ನವೀನನಿಗೆ ಹೇಳಿದೆ. ಅವನು ನಮ್ಮಿಬ್ಬರ ಮುಖವನ್ನೂ ನೋಡಿ, "ಸಾರ್, ಅದು ಮಿಲಿಮೀಟರ್. ಹತ್ತಡಿ ಆಗುತ್ತೆ ಅಷ್ಟೇ" ಎಂದ. ಅಲ್ಲಿಂದ ಮುಂದೆ ಅವನು ಏನು ಕೇಳಿದರೂ ನಾನು "ಓಕೆ" ಎಂದೇ ಹೇಳಿದೆ. ಅರ್ಥವಾಗದ್ದಕ್ಕೆ ಇನ್ನೂ ಗಟ್ಟಿಯಾಗಿ "ಓಕೆ" ಎಂದೆ.

ಮನೆಯ ರೂಪ ಹೀಗೆ ನಿಂತಿತು. ರಸ್ತೆಗೆ ಬಾಗಿಲು. ಒಳಗೆ ಹಾಲ್, ಮಲಗುವ ಕೋಣೆ. ಎಡಗೋಡೆಯ ನಡುಮಧ್ಯದಲ್ಲಿ ಬಚ್ಚಲು, ಕಕ್ಕಸು. ಅದಕ್ಕೆ ಸರಿಯಾಗಿ ಎದುರು, ಬಲಗೋಡೆಯಲ್ಲಿ ದೇವರ ಗೂಡು. ಹಿಂದಿನ ಎಡಮೂಲೆಯಲ್ಲಿ ಅಡುಗೆಮನೆ. ಎಲ್ಲವೂ ಸೇರಿ ಒಂದೇ ಉದ್ದನೆಯ ಪೆಟ್ಟಿಗೆ.

"ಮನೆ ನಮ್ದು, ಪಾಯ ನಿಮ್ದು ಸಾರ್" ಎಂದು ನವೀನ್ ಒಂದು ನಕ್ಷೆ ಕೊಟ್ಟ. "ಕಟ್ಟೆ ಕಟ್ಸಿ, ಪೈಪ್‌ಗಳನ್ನ ಇದ್ರಲ್ಲಿ ತೋರ್ಸಿರೋ ಜಾಗದಲ್ಲೇ ಮೇಲಕ್ಕೆ ತಂದಿಟ್ಬಿಡಿ. ನಾವು ಬಂದು ಮನೆನ ಅದರ ಮೇಲೆ ಕೂರಿಸ್ಬಿಡ್ತೀವಿ. ಅರ್ಥ ಆಯ್ತಲ್ಲ?"

"ಓಕೆ!" ಎಂದೆ. ಬಹಳ ಗಟ್ಟಿಯಾಗಿ.

ಆ ಸಂಜೆ ಕೋಣೆಯಲ್ಲಿ ನಕ್ಷೆ ಹರಡಿಕೊಂಡು ಕೂತೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಪಾಯದ ನಕ್ಷೆ' ಎಂದು ಬರೆದಿತ್ತು. ನನ್ನ ವೃತ್ತಿಬುದ್ಧಿ ಕೆಲಸ ಮಾಡತೊಡಗಿದ್ದು ಆಗಲೇ. ಡ್ರೈವರನ ಎದುರು ನಿಂತವನಿಗೆ ಎಡವಾದದ್ದು ಡ್ರೈವರಿಗೆ ಬಲ. ಎಲ್ಲಿಂದ ನೋಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಳೆಯನ್ನು ಎತ್ತಿ, ಉಲ್ಟಾ ತಿರುಗಿಸಿ, ಕಿಟಕಿಯ ಗಾಜಿಗೆ ಅಂಟಿಸಿ, ಹಿಂಬದಿಯಲ್ಲಿ ಮೂಡಿದ ಗೆರೆಗಳ ಮೇಲೆ ಪೆನ್ಸಿಲ್ ಆಡಿಸತೊಡಗಿದೆ.

"ಯಾಕ್ರಿ, ಹಾಳಿ ಉಲ್ಟಾ ಹಿಡದೀರಲ್ಲ?" ಎಂದಳು ಮಹಾದೇವಿ.

"ನಿನಗ ತಿಳಿಯಂಗಿಲ್ಲ. ಇದು ಪಾಯದ ನಕ್ಷೆ. ಪಾಯ ಎಲ್ಲಿರತದ?"

"ಮನಿ ಕೆಳಗ."

"ಮತ್ತ ಎಲ್ಲಿಂದ ನೋಡಬೇಕು?"

ಅವಳು ಸ್ವಲ್ಪ ಯೋಚಿಸಿ, "ಕೆಳಗಿಂದ?" ಎಂದಳು.

"ಹ್ಞಾಂ! ಕೆಳಗ ಮಲಗಿ ಮ್ಯಾಲೆ ನೋಡಿದ್ರ ಎಡ ಬಲ ಆಗತದ, ಬಲ ಎಡ ಆಗತದ."

"ನನಗ್ಯಾಕೋ ತಲಿ ತಿರಗಾಕತ್ತದ" ಎಂದು ಅವಳು ಒಳಗೆ ಹೋದಳು. ಒಂದೇ ಕೋಣೆಯಾದ್ದರಿಂದ ಒಳಗೆ ಎಂದರೆ ಪರದೆಯ ಆಚೆ. ಅಂಥ ದೊಡ್ಡ ಎಂಜಿನಿಯರಿಂಗ್ ವಿಚಾರವನ್ನು ನಾನೊಬ್ಬನೇ ಬಿಡಿಸಿದೆನಲ್ಲ ಎಂಬ ಹೆಮ್ಮೆಯಲ್ಲಿ ನನಗೆ ನಿದ್ದೆಯೇ ಹತ್ತಲಿಲ್ಲ.

ಮರುವಾರ ಗೌಂಡಿ ಯಂಕಪ್ಪನ ಕೈಗೆ ನನ್ನ ಪೆನ್ಸಿಲ್ ನಕ್ಷೆಯನ್ನು ಕೊಟ್ಟೆ. ಅವನೂ ನಮ್ಮ ಕಡೆಯವನೇ, ನನ್ನಷ್ಟೇ ಸಂಶಯವಿಲ್ಲದ ಮನುಷ್ಯ. "ನೀವ್ ಹೇಳಿದಂಗ ಸಾಹೇಬ್ರ" ಎಂದು ಕಟ್ಟೆ ಎಬ್ಬಿಸಿದ. ಬಲಗಡೆಯ ನಡುವೆ ಒಂದು ದಪ್ಪ ಪೈಪು, ಬಲಗಡೆಯ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಪೈಪು. ಕಟ್ಟೆ ನೋಡಿದರೆ ಮುತ್ತಿಡಬೇಕು, ಅಷ್ಟು ಚೆನ್ನಾಗಿತ್ತು.

ನವೀನ್ ಫೋಟೋ ಕಳಿಸಿ ಎಂದ. ರಸ್ತೆಯ ಕಡೆ ಮರಳಿನ ಗುಡ್ಡೆ ಬಿದ್ದಿತ್ತು. ಹಾಗಾಗಿ ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತು ಫೋಟೋ ತೆಗೆದೆ. ಹಿಂದಿನಿಂದ ತೆಗೆದದ್ದರಿಂದ ಬಲಗಡೆಯ ಪೈಪುಗಳು ಫೋಟೋದಲ್ಲಿ ಎಡಗಡೆಗೆ ಬಂದವು. ನವೀನ್ ನೋಡಿ, "ಸೂಪರ್ ಸಾರ್!" ಎಂದು ಉತ್ತರ ಬರೆದ. ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದವರು ಬೇರೆ ಯಾರಾದರೂ ಇದ್ದರೆ ಅವರ ಪಾದ ತೋರಿಸಿ, ನಮಸ್ಕರಿಸುತ್ತೇನೆ.

ನಾವು ಬಾಡಿಗೆ ಕೋಣೆ ಖಾಲಿ ಮಾಡುತ್ತೇವೆಂದು ಹೇಳಿ ಆಗಿತ್ತು. ಮಹಾದೇವಿಯ ತವರಿನವರು ಗೃಹಪ್ರವೇಶಕ್ಕೆ ರೈಲು ಟಿಕೆಟ್ ಮಾಡಿಸಿ ಆಗಿತ್ತು. ಮನೆ ಬರುವುದೊಂದೇ ಬಾಕಿ.

ಭಾನುವಾರ ಬೆಳಿಗ್ಗೆ ಮನೆ ಬಂತು. ಮುಂದೆ ಕ್ರೇನು, ಹಿಂದೆ ಲಾರಿ, ಲಾರಿಯ ಮೇಲೆ ನಮ್ಮ ಮನೆ. ತಂತಿಗೆ ತಗುಲದಿರಲೆಂದು ಬೀದಿಯ ಕರೆಂಟು ತೆಗೆಸಿದ್ದರು, ಆದ್ದರಿಂದ ಟೀವಿ ಇಲ್ಲದ ಬೀದಿಯೆಲ್ಲ ನಮ್ಮನ್ನೇ ನೋಡಲು ಬಂದು ನಿಂತಿತ್ತು. ಲಾರಿ ಹಿಮ್ಮುಖವಾಗಿ ಗಲ್ಲಿಯೊಳಗೆ ಬರಬೇಕು. ಡ್ರೈವರ್, "ಆಗಲ್ಲ ಗುರು, ಜಾಗನೇ ಇಲ್ಲ" ಎಂದು ಕೈ ಎತ್ತಿಬಿಟ್ಟ.

ನಾನು ಜೇಬಿನಿಂದ ಸೀಟಿ ತೆಗೆದೆ.

"ಬರ್ಲಿ ಬರ್ಲಿ! ಲೆಫ್ಟ್ ಕಟ್! ಸ್ಟ್ರೈಟ್! ರೈಟ್ ಒಂದಿಷ್ಟು! ಸಾಕು!"

ಲಾರಿ ಒಂದು ಗೋಡೆಯನ್ನೂ ಮುಟ್ಟದೆ ನಮ್ಮ ಸೈಟಿನ ಮುಂದೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಮನೆಯ ಸೆಲ್ವಿಯಕ್ಕ ತಾರಸಿಯ ಮೇಲಿಂದ, "ಸೂಪರ್ ಅಣ್ಣಾ!" ಎಂದರು. ಮಹಾದೇವಿ ಸೆರಗು ಸರಿಮಾಡಿಕೊಂಡು ಸುತ್ತಲೂ ನೋಡಿದಳು, ಇವರು ನಮ್ಮವರೇ ಎಂಬಂತೆ. ನನ್ನ ಜೀವನದ ಅತ್ಯುನ್ನತ ಕ್ಷಣ ಅದು. ಅಲ್ಲಿಗೇ ಮನೆಗೆ ಹೋಗಿಬಿಡಬೇಕಿತ್ತು. ಆದರೆ ಮನೆ ಇನ್ನೂ ಲಾರಿಯ ಮೇಲಿತ್ತು!

ಕ್ರೇನು ಮನೆಯನ್ನು ಎತ್ತಿತು. ನಮ್ಮ ಮನೆ ಆಕಾಶದಲ್ಲಿ ತೂಗಾಡುತ್ತ ಕಟ್ಟೆಯ ಮೇಲಕ್ಕೆ ಬಂತು. ಕೆಳಗೆ ಬಗ್ಗಿ ನೋಡುತ್ತಿದ್ದ ನವೀನ್ ಇದ್ದಕ್ಕಿದ್ದಂತೆ ಎರಡೂ ಕೈ ಎತ್ತಿ ಕೂಗಿದ.

"ಸ್ಟಾಪ್! ಸ್ಟಾಪ್! ಸಾರ್, ಟಾಯ್ಲೆಟ್ ಪೈಪ್ ಎಲ್ಲಿ?"

"ಅಲ್ಲೇ ಇದೆಯಲ್ಲ" ಎಂದೆ.

"ಅದು ರೈಟಲ್ಲಿದೆ! ಟಾಯ್ಲೆಟ್ ಇರೋದು ಲೆಫ್ಟಲ್ಲಿ! ರೈಟಲ್ಲಿ ಇರೋದು ನಿಮ್ಮ ದೇವರ ಗೂಡು!"

ಗುಂಪಿನಲ್ಲಿ ಯಾರೋ "ಶಿವ ಶಿವಾ" ಎಂದರು.

ನಾನು ಶಾಂತನಾಗಿ, ಕೆಳಗಿಂದ ನೋಡುವ ನನ್ನ ಸಿದ್ಧಾಂತವನ್ನು ವಿವರಿಸಿದೆ. ನವೀನ್ ಪೂರ್ತಿ ಕೇಳಿದ. ಆಮೇಲೆ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ.

"ಸಾರ್, ನೆಲದ ಕೆಳಗೆ ಹೋಗಿ ಯಾರು ಸಾರ್ ನೋಡ್ತಾರೆ?"

ಅದುವರೆಗೆ ನನಗೆ ಹೊಳೆಯದಿದ್ದ ಪ್ರಶ್ನೆ ಅದು. ಯಾರು ನೋಡುತ್ತಾರೆ? ನಿಜಕ್ಕೂ ಯಾರೂ ನೋಡುವುದಿಲ್ಲ. ತೂಗಾಡುತ್ತಿದ್ದ ಮನೆ ಗಾಳಿಗೆ ಮೆಲ್ಲಗೆ ಹಿಂದಕ್ಕೆ ವಾಲಿ ಸೆಲ್ವಿಯಕ್ಕನ ತಾರಸಿಯ ಕಡೆ ಹೊರಟಿತು.

"ಅಯ್ಯಯ್ಯೋ, ಎನ್ನಾ ಅಣ್ಣಾ ಇದು! ಮೆಣಸಿನಕಾಯಿ ಒಣಗಾಕಿದೀನಿ! ನಿಮ್ ಮನೆ ನಮ್ ಮನೆಗೆ ಬರ್ತಾ ಇದೆ!"

ಕ್ರೇನಿನವನು ಬೇಗ ಹೇಳಿ ಎಂದು ಹಾರ್ನ್ ಹೊಡೆಯುತ್ತಿದ್ದ. ಬೀದಿಯವರು ಕರೆಂಟು ಯಾವಾಗ ಬರುತ್ತೆ ಎನ್ನುತ್ತಿದ್ದರು. ಕಟ್ಟೆ ಒಡೆದು ಪೈಪು ಬದಲಿಸುವ ತನಕ ಮನೆಯನ್ನು ಗಾಳಿಯಲ್ಲಿ ಹಿಡಿದುಕೊಳ್ಳುವವರು ಯಾರು? ವಾಪಸು ಒಯ್ದರೆ ನಾವು ಮಲಗುವುದೆಲ್ಲಿ? ನಾನು ಸೀಟಿಯನ್ನು ಬಾಯಲ್ಲಿಟ್ಟುಕೊಂಡೆ, ಊದಲು ಏನೂ ತೋಚಲಿಲ್ಲ.

ಆಗ ಮಹಾದೇವಿ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. ಮೇಲೆ ಮನೆ ನೋಡಿದಳು, ಕೆಳಗೆ ಪೈಪು ನೋಡಿದಳು.

"ತಿರುಗಸ್ರಿ ಅದನ್ನ!"

"ಏನಮ್ಮ?" ಎಂದ ನವೀನ್.

"ಮನಿ! ಹಿಂದಿನ ಕಡಿ ಮುಂದ ಮಾಡ್ರಿ. ಎಡಗಡಿ ಗ್ವಾಡಿ ಬಲಕ್ಕ ಬರತದ. ಕಕ್ಕಸ ನಡೂ ಮಧ್ಯ ಅದ, ಪೈಪಿಗೆ ಸರಿ ಕೂಡತದ. ನನ್ನ ದೇವ್ರು ಆ ಕಡಿ ಹೋಗತಾನ!"

ನವೀನ್ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸಿ ಲೆಕ್ಕ ಹಾಕಿದ. ಕಣ್ಣು ಬಿಟ್ಟ. "ಕೂರುತ್ತೆ ಅಮ್ಮ! ಕಿಚನ್ ನೀರಿಗೆ ಮಾತ್ರ ಹೊರಗಡೆಯಿಂದ ಒಂದು ಪೈಪ್ ಎಳೀಬೇಕು. ಆದ್ರೆ ಕಿಚನ್ ರಸ್ತೆಗೆ ಬರುತ್ತೆ. ಬಾಗಿಲು ಹಿಂದಿನ ಗೋಡೆ ಕಡೆ ಹೋಗುತ್ತೆ."

ಮಹಾದೇವಿ ನನ್ನ ಕಡೆ ನೋಡಿದಳು. ಅವಳು ಇಷ್ಟು ವರ್ಷದಿಂದ ಕೇಳಿದ್ದು ಎರಡೇ: ರಸ್ತೆಗೆ ಬಾಗಿಲು, ಹಿಂದೆ ಅಡುಗೆಮನೆ. ಆ ನೋಟಕ್ಕಿಂತ ನಾಲ್ಕು ಬೈಗುಳವೇ ಮೇಲಿತ್ತು.

"ಆಗಲಿ, ಇಡ್ರಿ" ಎಂದಳು.

ಮನೆ ಆಕಾಶದಲ್ಲಿ ನಿಧಾನವಾಗಿ ಅರ್ಧ ಸುತ್ತು ತಿರುಗಿತು, ಜಗತ್ತಿಗೆಲ್ಲ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗೃಹಪ್ರವೇಶದ ದಿನ ಪುರೋಹಿತರು ಮನೆಯ ಸುತ್ತ ಒಂದು ಸುತ್ತು ಬಂದು, "ಬಾಗಿಲೆಲ್ಲಿ ಯಜಮಾನ್ರೇ?" ಎಂದರು. ನಮ್ಮ ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹೋಗಬೇಕು. ಮಹಾದೇವಿಯ ತವರಿನವರೆಲ್ಲ ಸಾಲಾಗಿ ಹೋದರು. ದಪ್ಪಗಿದ್ದ ಅವಳ ಅಣ್ಣ ಅಡ್ಡವಾಗಿ ಹೋದರು. ಕೊನೆಗೆ ಹಸು. ಹಸು ಅರ್ಧ ದಾರಿಗೆ ಹೋಗಿ, ಮುಂದಿನ ತಿರುವನ್ನು ನೋಡಿ, ನನ್ನಿಂದಾಗದು ಎಂದು ನಿಂತುಬಿಟ್ಟಿತು. ಮುಂದೆ ಹೋಗದು, ತಿರುಗಲು ಜಾಗವಿಲ್ಲ. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಮುಹೂರ್ತ ಮೀರುತ್ತಿತ್ತು.

"ನಿಮ್ಮ ಕೆಲಸ ಮಾಡ್ರಿ ಈಗ!" ಎಂದು ಒಳಗಿನಿಂದ ಮಹಾದೇವಿಯ ದನಿ ಬಂತು.

ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹಸುವಿನ ಹಿಂದೆ ನಿಂತು, "ಬರ್ಲಿ ಬರ್ಲಿ, ಸ್ಟ್ರೈಟ್, ಸ್ಟ್ರೈಟ್" ಎನ್ನುತ್ತ ಅದನ್ನು ರಿವರ್ಸ್ ತೆಗೆಸಿದೆ. ಬರುವಾಗ ಅದು ನನ್ನ ಕಾಲು ತುಳಿಯಿತು. ಕಾರುಗಳೂ ಮಾಡದ ಕೆಲಸ!

ಈಗ ವಾಸ ಅಲ್ಲೇ. ಅಡುಗೆಮನೆಯ ಕಿಟಕಿ ರಸ್ತೆಗಿದೆ. ಕೊರಿಯರಿನವರು, ಹಾಲಿನವರು, ವಿಳಾಸ ಕೇಳುವವರು ಎಲ್ಲರೂ ಅದನ್ನೇ ತಟ್ಟುತ್ತಾರೆ. ಮಹಾದೇವಿ ಮೊದಮೊದಲು ಪಟ್ಟನೆ ಮುಚ್ಚುತ್ತಿದ್ದಳು. ಈಗ ತಟ್ಟಿದವರ ಜೊತೆ ಮಾತಿಗೆ ನಿಲ್ಲುತ್ತಾಳೆ. ರೊಟ್ಟಿ ಸೀಯುತ್ತದೆ, ಅದೂ ನನ್ನ ಲೆಕ್ಕಕ್ಕೇ ಬೀಳುತ್ತದೆ.

ಹೋದ ಭಾನುವಾರ ನವೀನ್ ಫೋನ್ ಮಾಡಿ, "ಸಾರ್, ಹೊಸ ಕಸ್ಟಮರ್ಸ್‌ಗೆ ನಿಮ್ಮ ಮನೆ ತೋರಿಸ್ಬೇಕು, ಕರ್ಕೊಂಡ್ ಬರ್ಲಾ?" ಎಂದ. ನನಗೆ ರೋಮಾಂಚನವಾಯಿತು. ಅಷ್ಟು ಮನೆ ಮಾಡಿದವರು ನಮ್ಮದನ್ನೇ ಆರಿಸಿದ್ದಾರೆಂದರೆ! ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಅವರು ಬಂದಾಗ ಮಹಾದೇವಿ ಕಿಟಕಿಯಿಂದ ಹೊರಗೆ ಕೊಟ್ಟ ಟೀ ತಟ್ಟೆ ಹಿಡಿದು, ನಗುತ್ತ ಅವರ ಹಿಂದೆ ಹೋಗಿ ನಿಂತೆ.

ನವೀನ್ ನಮ್ಮ ಮನೆಯ ಬೆನ್ನಿಗೆ ಕೈ ತೋರಿಸಿ ಹೇಳುತ್ತಿದ್ದ: "ಅದಕ್ಕೇ ಹೇಳೋದು, ಡ್ರಾಯಿಂಗ್ ಅರ್ಥ ಆಗ್ಲಿಲ್ಲ ಅಂದ್ರೆ ಓಕೆ ಅನ್ಬೇಡಿ, ದಯವಿಟ್ಟು ಕೇಳಿ. ಇಲ್ಲ ಅಂದ್ರೆ ಹಿಂಗಾಗುತ್ತೆ."

ಬಂದಿದ್ದ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಪಾಪ, ಆ ಕಸ್ಟಮರ್ ಈಗ್ಲೂ ಇಲ್ಲೇ ಇದಾರಾ?" ಎಂದರು.

ನವೀನ್ ತಿರುಗಿ ನನ್ನನ್ನು ನೋಡಿದ.

"ಇಲ್ಲ ಮೇಡಂ, ಅವರು ಊರಿಗೆ ಹೋಗಿದ್ದಾರೆ" ಎಂದೆ. "ಟೀ ತಗೊಳ್ಳಿ."